ಬೆನ್ನುಹುರಿಯ ಸ್ಮೃತಿ: ಒಂದು ಪರಿಭಾಷಾವಿಮರ್ಶೆ

ನ್ಯಾಯವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಂಗಡಿಸಿರುವರು. ಬಿಟ್ಟ ಬಾಣವನ್ನು ಮುಂದಕ್ಕೊಯ್ಯುವುದು ವೇಗ. ಅನುಭವದಿಂದ ಹುಟ್ಟಿ, ಸ್ಮೃತಿಗೆ ಕಾರಣವಾಗಿ, ಆತ್ಮನಲ್ಲಿ ಮಾತ್ರವೇ ಇರತಕ್ಕದ್ದು ಭಾವನೆ. ಸುರುಳಿ ಸುತ್ತಿದ ಚಾಪೆಯನ್ನು ಹರಡಿದರೂ ಕೈಬಿಟ್ಟೊಡನೆ ಅದನ್ನು ಮತ್ತೆ ಸುರುಳಿಯಾಗಿಸುವುದು ಸ್ಥಿತಿಸ್ಥಾಪಕ. ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲ ಈ ವಿಭಾಗವನ್ನು ಇಲ್ಲಿ ಎತ್ತಿಕೊಂಡುದಕ್ಕೆ ಕಾರಣವುಂಟು. ಪಾಶ್ಚಾತ್ಯ ಜ್ಞಾನತಂತುಶಾಸ್ತ್ರದಲ್ಲಿ 'ಮೆಮೊರಿ' ಎಂಬ ಒಂದೇ ಶಬ್ದವು ಮನುಷ್ಯನ ನೆನಪಿಗೂ, ಮೊಲದ ಕಣ್ಣೆವೆಯ ಅಭ್ಯಾಸಕ್ಕೂ, ಮಿದುಳಿನಿಂದ ಬೇರ್ಪಟ್ಟ ಬೆನ್ನುಹುರಿಯ ಮಾರ್ಪಾಟಿಗೂ ಸಲ್ಲುತ್ತಿದೆ. ನಮ್ಮ ಅಧ್ಯಾಪಕರು ಅದನ್ನು ಎಲ್ಲೆಡೆಯೂ 'ಸ್ಮೃತಿ' ಎಂದೇ ಅನುವಾದಿಸುತ್ತಿರುವರು. ಇದು ಯುಕ್ತವೇ ಎಂಬುದು ಪ್ರಕೃತ ವಿಚಾರ. ಪಾಶ್ಚಾತ್ಯರು ಈಗ ಕಂಡುದನ್ನು ನಮ್ಮ ಪೂರ್ವಿಕರು ಆಗಲೇ ಕಂಡಿದ್ದರೆಂದು ಸಾಧಿಸುವ ಚಾಪಲ್ಯ ನಮಗಿಲ್ಲ. ಅಂಥ ಮಾತಿನಿಂದ ಪೂರ್ವಿಕರಿಗೂ ಗೌರವವಿಲ್ಲ.

ವಿಚಾರಕ್ಕೆ ಆಶ್ರಯವಾಗಿ ಅಮೆರಿಕದ ಮೈಕೆಲ್ ಪ್ಯಾಟರ್ಸನ್ ಎಂಬ ವಿಜ್ಞಾನಿಯ ಸಂಶೋಧನಮಾರ್ಗವನ್ನು ತೆಗೆದುಕೊಳ್ಳೋಣ. ಕಲಿಕೆಯ ಪ್ರಯೋಗಗಳಿಂದ ಹೊರಟು ಆಸ್ಟಿಯೋಪತಿ ಎಂಬ ಹಸ್ತಚಿಕಿತ್ಸೆಯವರೆಗೆ ಒಂದೇ ಜೀವಿತದಲ್ಲಿ ನಡೆದವರು ವಿರಳ. ಇವರು ವೈದ್ಯರಲ್ಲ, ಪ್ರಯೋಗಶಾಲೆಯವರು. ಇವರು ಯಾರೊಡನೆ ಕೆಲಸ ಮಾಡಿದರೋ ಆ ರಿಚರ್ಡ್ ಥಾಂಪ್ಸನರು 1966ರಲ್ಲಿ ಸ್ಪೆನ್ಸರರೊಡನೆ ಬರೆದ ಲೇಖನವು ಇಂದಿಗೂ ಆ ಶಾಸ್ತ್ರದಲ್ಲಿ ಮೂಲಗ್ರಂಥದ ಸ್ಥಾನದಲ್ಲಿದೆ. ಒಂದೇ ಪ್ರಚೋದನೆಯನ್ನು ಮತ್ತೆ ಮತ್ತೆ ಕೊಟ್ಟರೆ ಪ್ರತಿಕ್ರಿಯೆಯು ಕ್ರಮೇಣ ಕುಗ್ಗುವುದೆಂಬುದಕ್ಕೆ ಒಂಬತ್ತು ಲಕ್ಷಣಗಳನ್ನು ಅವರು ಅಲ್ಲಿ ನಿರೂಪಿಸಿ, ಅವು ಬೆನ್ನುಹುರಿಯ ಸರಳ ಪ್ರತಿಕ್ರಿಯೆಯಲ್ಲಿಯೂ ಕಾಣುವುವೆಂದು ತೋರಿಸಿದರು.

ಕುಗ್ಗುವುದು ಒಂದು ಮಾತು. ಎರಡು ಪ್ರಚೋದನೆಗಳ ಸಾಹಚರ್ಯವನ್ನು ಹಿಡಿಯುವುದು ಇನ್ನೊಂದು ಮಾತು. ಮಿದುಳಿನ ಸಂಬಂಧವು ಕಡಿದ ಬೆನ್ನುಹುರಿಗೆ ಎರಡನೆಯದು ಸಾಧ್ಯವೆ? 1940ರಲ್ಲಿ ಶರೇಗರ್, ಕಲ್ಲರ್ ಎಂಬವರು ನಾಯಿಗಳ ಮೇಲೆ ಪ್ರಯೋಗ ಮಾಡಿ ಸಾಧ್ಯವೆಂದರು. 1947ರಲ್ಲಿ ಕೆಲಾಗ್ ಮೊದಲಾದವರು ಅದೇ ಪ್ರಯತ್ನವನ್ನು ಮಾಡಿ ತಮಗೆ ಸಿದ್ಧಿಸಲಿಲ್ಲವೆಂದರು. ವಿವಾದವು ಬಹುಕಾಲ ನಿಂತ ನೀರಾಯಿತು. 1973ರಲ್ಲಿ ಪ್ಯಾಟರ್ಸನ್, ಸೆಗಾವ್ಸ್ಕೆ, ಥಾಂಪ್ಸನ್ ಮೂವರೂ ಕೂಡಿ ಪ್ರಕಟಿಸಿದ ಪ್ರಯೋಗವು ಆ ನೀರನ್ನು ಕದಡಿತು. ಬೆಕ್ಕಿನ ಬೆನ್ನುಹುರಿಯನ್ನು ಮಿದುಳಿನಿಂದ ಬೇರ್ಪಡಿಸಿ, ಸ್ನಾಯುಗಳು ಅಲುಗದಂತೆ ಔಷಧದಿಂದ ನಿಶ್ಚಲಗೊಳಿಸಿ, ಕಾಲನ್ನು ಮಡಿಸುವ ನರದಿಂದಲೇ ನೇರವಾಗಿ ಪ್ರತಿಕ್ರಿಯೆಯನ್ನು ಅಳೆದರು. ಪ್ರಚೋದನೆಗಳನ್ನು ಜೊತೆಗೂಡಿಸಿದ ಗುಂಪಿನಲ್ಲಿ ಪ್ರತಿಕ್ರಿಯೆ ಹೆಚ್ಚಿತು. ಜೊತೆಗೂಡಿಸದ ಗುಂಪಿನಲ್ಲಿ ಹಾಗಾಗಲಿಲ್ಲ. 1975ರಲ್ಲಿ ಪ್ಯಾಟರ್ಸನರು ಪ್ರಚೋದನೆಗಳ ಕ್ರಮವನ್ನು ಹಿಂದುಮುಂದು ಮಾಡಿಯೂ ಪರೀಕ್ಷಿಸಿದರು. (ಮೂಕಪ್ರಾಣಿಗಳ ಮೇಲಣ ಇಂಥ ಕ್ರಿಯೆಗಳನ್ನು ಓದುವಾಗ ನಮ್ಮಂಥವರ ಮನಸ್ಸು ಹಿಂಜರಿಯುವುದು ಸಹಜ. ಆದರೆ ಆ ವಿಚಾರ ಬೇರೆ.)

ಇಲ್ಲಿ ನಾವು ಮೆಚ್ಚತಕ್ಕದ್ದು ಅನ್ವಯವ್ಯತಿರೇಕಗಳ ಶುದ್ಧಿಯನ್ನು. ಸ್ನಾಯುವಿನ ಬಿಗಿತವೇ ಕಾರಣವಿರಬಹುದೆಂಬ ಆಕ್ಷೇಪಕ್ಕೆ ಸ್ನಾಯುವನ್ನೇ ನಿಶ್ಚಲಗೊಳಿಸಿ ಉತ್ತರ ಕೊಟ್ಟರು. ಬರಿಯ ಉದ್ರೇಕದಿಂದ ಹೆಚ್ಚಿದ್ದಿರಬಹುದೆಂಬ ಆಕ್ಷೇಪಕ್ಕೆ ಜೊತೆಗೂಡಿಸದ ಗುಂಪನ್ನು ಇಟ್ಟು ಉತ್ತರ ಕೊಟ್ಟರು. ಉಪಾಧಿಯನ್ನು ಪೂರ್ವಪಕ್ಷಿಗಿಂತ ಮೊದಲು ತಾನೇ ಶಂಕಿಸಿ ನಿವಾರಿಸುವವನೇ ನೈಯಾಯಿಕ. ಆ ಹೆಸರು ಇವರಿಗೆ ಸಲ್ಲುತ್ತದೆ.

ಇನ್ನು ಹಸ್ತಚಿಕಿತ್ಸೆಯ ವಿಷಯ. ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯರು 1874ರಲ್ಲಿ ಆಸ್ಟಿಯೋಪತಿಯನ್ನು ಸಾರಿ, 1892ರಲ್ಲಿ ಮಿಸ್ಸೂರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಅದಕ್ಕೊಂದು ವಿದ್ಯಾಶಾಲೆಯನ್ನು ತೆರೆದರು. ಬೆನ್ನೆಲುಬಿನ ಯಾವುದೋ ಒಂದೆಡೆಯಲ್ಲಿ ಬಿಗಿತ, ನೋವು, ವೈಷಮ್ಯಗಳನ್ನು ಬೆರಳುಗಳಿಂದ ಕಂಡುಕೊಂಡು ಕೈಯಿಂದಲೇ ಅದನ್ನು ಸರಿಪಡಿಸುವುದು ಇವರ ಮಾರ್ಗ. ಅದೇ ಊರಿನಲ್ಲಿ ಡೆನ್ಸ್ಲೋ, ಕೋರ್ ಮೊದಲಾದವರು 1947ರಲ್ಲಿ ಪ್ರಕಟಿಸಿದ ಪ್ರಯೋಗಗಳು ಮನುಷ್ಯರ ಮೇಲೆ ನಡೆದುವು. ಬೆನ್ನೆಲುಬಿನ ಮೇಲೆ ಅಳೆದ ಒತ್ತಡವನ್ನು ಹಾಕಿ ಸ್ನಾಯುವಿನ ವಿದ್ಯುತ್ಕ್ರಿಯೆಯನ್ನು ನೋಡಿದಾಗ, ಕೆಲವು ಎಡೆಗಳು ಅಲ್ಪ ಒತ್ತಡಕ್ಕೇ ಕೆರಳುತ್ತಿದ್ದುವು. ಕೆರಳುವಿಕೆ ತೋರಿತು, ಸರಿ. ಆದರೆ ಅದು ಏಕೆ ಶಮನವಾಗದೆ ನಿಲ್ಲುತ್ತದೆ? ಕರ್ಕ್ಸ್‌ವಿಲ್ಲಿಗೆ ಬಂದ ಪ್ಯಾಟರ್ಸನರು 1976ರ ತಮ್ಮ ಲೇಖನದಲ್ಲಿ ಈ ಪ್ರಶ್ನೆಯನ್ನೇ ಹಿಡಿದು, ಬೆನ್ನುಹುರಿಯು ಕಲಿಯಬಲ್ಲುದಾದರೆ ಕೆರಳುವಿಕೆಯನ್ನೂ ಕಲಿತಿರಬಹುದಲ್ಲವೆ ಎಂದು ಊಹಿಸಿದರು.

ಈ ಊಹೆಗೆ ಬಲ ಕೊಟ್ಟ ಹಳೆಯ ಸಾಕ್ಷ್ಯವೊಂದುಂಟು. 1929ರಲ್ಲಿ ಇಟಲಿಯ ಡಿ ಜೋರ್ಜೊ ಎಂಬ ವಿದುಷಿಯು ಪ್ರಾಣಿಯ ಕಿರುಮಿದುಳಿಗೆ ಒಂದು ಪಾರ್ಶ್ವದಲ್ಲಿ ಗಾಯ ಮಾಡಿದಾಗ ಹಿಂಗಾಲುಗಳ ನಿಲುವು ವಿಷಮವಾಯಿತು. ಆಮೇಲೆ ಬೆನ್ನುಹುರಿಯನ್ನು ಕಡಿದರೂ, ನಡುವೆ ಸಾಕಷ್ಟು ಹೊತ್ತು ಕಳೆದಿದ್ದರೆ, ವೈಷಮ್ಯವು ಉಳಿಯಿತು. ಎಷ್ಟು ಹೊತ್ತು? 1963ರಲ್ಲಿ ಚೇಂಬರ್ಲೇನ್ ಮೊದಲಾದವರು ಇಲಿಗಳಲ್ಲಿ ಅಳೆದರು: 35 ನಿಮಿಷ ಸಾಲದು, 45 ನಿಮಿಷ ಸಾಕು. 1981ರಲ್ಲಿ, ಓಹಾಯೋ ವಿಶ್ವವಿದ್ಯಾನಿಲಯದಲ್ಲಿದ್ದ ಪ್ಯಾಟರ್ಸನರು ಸ್ಟೈನ್‌ಮೆಟ್ಸ್ ಮೊದಲಾದ ಸಹಕಾರಿಗಳೊಡನೆ, ಕಿರುಮಿದುಳಿನ ಗಾಯವಿಲ್ಲದೆ ಕಾಲಿಗೆ ಕೊಟ್ಟ ಪ್ರಚೋದನೆಯಿಂದಲೂ ಇಂಥ ಸ್ಥೈರ್ಯವು ಉಂಟಾಗುವುದೆಂದು ತೋರಿಸಿದರು. ಕಾರಣವು ತೊಲಗಿದ ಬಳಿಕವೂ ಕಾರ್ಯವು ನಿಂತಿತು. ಇಷ್ಟು ದೃಷ್ಟ.

ಹಾಗಾದರೆ ಇದು ಯಾವ ಸಂಸ್ಕಾರ? ವೇಗವಲ್ಲವೆಂಬುದು ಸ್ಪಷ್ಟ. ಸ್ಥಿತಿಸ್ಥಾಪಕವೆಂದು ಕೆಲವರು ಹೇಳಬಹುದು, ಅದು ಸಲ್ಲದು. ಸ್ಥಿತಿಸ್ಥಾಪಕವು ವಸ್ತುವನ್ನು ಅದರ ಪೂರ್ವಸ್ಥಿತಿಗೆ ತರುತ್ತದೆ; ಇಲ್ಲಿಯಾದರೋ ಬೆನ್ನುಹುರಿಯು ಪೂರ್ವಸ್ಥಿತಿಗೆ ಮರಳದೆ ಹೊಸದರಲ್ಲಿ ನೆಲೆಸುತ್ತದೆ. ಭಾವನೆಯೆ? ಭಾವನೆಯ ಫಲವು ಸ್ಮೃತಿ, ಸ್ಮೃತಿಯೆಂದರೆ ಜ್ಞಾನ. 'ಅಂದು ಹೀಗಾಯಿತು' ಎಂಬ ಜ್ಞಾನವು ಕಡಿದ ಬೆನ್ನುಹುರಿಯಲ್ಲಿ ಉಂಟೆಂದು ಈ ವಿಜ್ಞಾನಿಗಳಾರೂ ಹೇಳಿಲ್ಲ. ಅಂತೂ ನಮ್ಮ ಮೂರು ಮನೆಗಳಲ್ಲಿ ಯಾವುದರಲ್ಲಿಯೂ ಇದು ಕೂರುವುದಿಲ್ಲ. ವಿಭಾಗವು ನ್ಯೂನವೆಂದು ಒಪ್ಪಿ ನಾಲ್ಕನೆಯ ಮನೆಯನ್ನು ಕಟ್ಟುವುದೇ ಪ್ರಾಮಾಣಿಕರ ಕೆಲಸ. ಇದನ್ನು ಸ್ಮೃತಿಯೆಂದರೆ ಲಕ್ಷಣಕ್ಕೆ ಅತಿವ್ಯಾಪ್ತಿದೋಷ ಬರುತ್ತದೆ.

'ಬೆನ್ನುಹುರಿಯ ಸ್ಮೃತಿ' ಎಂಬುದು ಲಾಕ್ಷಣಿಕ ಪ್ರಯೋಗವಾಗಬಾರದೇಕೆ ಎಂದು ಅಲಂಕಾರಶಾಸ್ತ್ರಜ್ಞರು ಕೇಳಿಯಾರು. ಆಗಲಿ. ಮುಖ್ಯಾರ್ಥಕ್ಕೆ ಬಾಧೆಯುಂಟು, ಸಂಬಂಧವುಂಟು, ಪ್ರಯೋಜನವೂ ಉಂಟು: ಮನುಷ್ಯನ ನೆನಪಿನ ಮೂಲಕ್ರಿಯೆಗಳು ಸರಳವಾದ ಸ್ಥಳದಲ್ಲಿ ಅಳತೆಗೆ ಸಿಕ್ಕುವುವು ಎಂಬ ಸೂಚನೆಯೇ ಆ ಪ್ರಯೋಜನ. ಆದರೆ ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆಯೆಂಬ ಮಾತನ್ನು ಕೇಳಿ, ಹಾಸಿಗೆ ಹೊತ್ತು ನೀರಿಗಿಳಿಯುವವನೂ ಒಬ್ಬನಿರುವನು. ಪ್ರಯೋಗಶಾಲೆಯಲ್ಲಿ ಲಕ್ಷಣೆಯಾಗಿ ಹುಟ್ಟಿದ ಶಬ್ದವು ಚಿಕಿತ್ಸೆಯ ಕೋಣೆಯನ್ನು ಹೊಕ್ಕಾಗ, ಮಾಂಸವೇ ಹಳೆಯ ದುಃಖವನ್ನು ಮನಸ್ಸಿನಂತೆ ನೆನೆಯುತ್ತಿದೆ, ಕೈಯಿಟ್ಟರೆ ಅದು ಮರೆಯುತ್ತದೆ ಎಂಬ ವಾಚ್ಯಾರ್ಥವಾಗಿ ಮಾರ್ಪಡುತ್ತದೆ. ನೋವಿನಿಂದ ಬಂದವನು ಆ ವಾಚ್ಯಾರ್ಥಕ್ಕೆ ಹಣ ತೆರುತ್ತಾನೆ.

ಈ ದೋಷವನ್ನು ಪ್ಯಾಟರ್ಸನರ ತಲೆಗೆ ಕಟ್ಟುವುದು ಅನ್ಯಾಯ. ಅವರ ಲೇಖನಗಳ ಶೀರ್ಷಿಕೆಗಳನ್ನೇ ನೋಡಬಹುದು. 1976ರದರಲ್ಲಿ 'ಮಾದರಿ' ಎಂಬರ್ಥದ ಪದವಿದೆ. ಸ್ಟೈನ್‌ಮೆಟ್ಸರೊಡನೆ ಬರೆದ 1986ರದರಲ್ಲಿ ಸ್ಮೃತಿಯ ಮಾತೇ ಇಲ್ಲ. ಪ್ರತಿಕ್ರಿಯೆಗಳ 'ದೀರ್ಘಕಾಲದ ಮಾರ್ಪಾಟು' ಎಂದು ಹೇಳಿ, ಅದನ್ನು ದೇಹವೈಷಮ್ಯಕ್ಕೆ 'ಸಂಭವನೀಯ' ಆಧಾರವೆಂದು ಮಾತ್ರ ಕರೆದಿದೆ. ಈ ಒಂದು ವಿಶೇಷಣವನ್ನು ಅನುಯಾಯಿಗಳು ಕೈಬಿಟ್ಟರೆ ವಾಕ್ಯದ ಪ್ರಾಮಾಣ್ಯವೇ ಹೋಯಿತು.

ಆದರೂ ನಮ್ಮದೊಂದು ಆಕ್ಷೇಪವುಂಟು. ಬೆಕ್ಕು ಇಲಿಗಳ ಪ್ರಯೋಗದಿಂದ ಸಿದ್ಧವಾದುದು ವೈಷಮ್ಯವು ನಿಲ್ಲಬಲ್ಲುದೆಂಬುದು. ರೋಗಿಯ ಬೆನ್ನಿನಲ್ಲಿ ಬೆರಳು ಕಂಡದ್ದು ಅದನ್ನೇ ಎಂಬುದೂ, ಕೈಯು ಅದನ್ನೇ ಕಳೆಯುತ್ತದೆಂಬುದೂ ಬೇರೆ ಬೇರೆ ಪ್ರತಿಜ್ಞೆಗಳು. ಪ್ರತಿಯೊಂದಕ್ಕೂ ತನ್ನದೇ ಹೇತುವು ಬೇಕು. ಅಮೆರಿಕದಲ್ಲಿ ನ್ಯುಮೋನಿಯಾ ರೋಗದ 406 ಮಂದಿ ವೃದ್ಧರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಸ್ತಚಿಕಿತ್ಸೆಯ ಗುಂಪು, ಸುಮ್ಮನೆ ಮೃದುವಾಗಿ ಮುಟ್ಟಿದ ಗುಂಪು, ಔಷಧೋಪಚಾರ ಮಾತ್ರದ ಗುಂಪು ಎಂದು ಮೂರಿದ್ದುವು. ಸೇರಿದವರನ್ನೆಲ್ಲ ಎಣಿಸಿದಾಗ ಗಣನೀಯ ಭೇದ ಕಾಣಲಿಲ್ಲ. ನಿಯಮದಂತೆ ಚಿಕಿತ್ಸೆ ಪೂರೈಸಿದವರನ್ನು ಮಾತ್ರ ಎಣಿಸಿದಾಗ, ಔಷಧೋಪಚಾರ ಮಾತ್ರದವರಿಗಿಂತ ಹಸ್ತಚಿಕಿತ್ಸೆಯವರು ಆಸ್ಪತ್ರೆಯಿಂದ ಬೇಗನೆ ಹೊರಬಂದರು. ಸುಮ್ಮನೆ ಮುಟ್ಟಿಸಿಕೊಂಡವರಿಗಿಂತ ಬೇಗನೆ ಎನ್ನಲಾಗಲಿಲ್ಲ. ಸ್ಪರ್ಶವೇ ಇಲ್ಲಿ ಉಪಾಧಿ! ಸೊಂಟನೋವಿನ ವಿಷಯದಲ್ಲಿ 2013ರ 455 ಮಂದಿಯ ಪರೀಕ್ಷೆಯು ಚಿಕಿತ್ಸೆಗೆ ಅನುಕೂಲವಾಯಿತು. ಫ್ರಾನ್ಸಿನಲ್ಲಿ 400 ಮಂದಿಯ ಮೇಲೆ ನಡೆದ 2021ರದು ಕಂಡ ಭೇದವು, ರೋಗಿಗೆ ಉಪಯೋಗವಾಯಿತೆನ್ನಲು ಸಂಶಯ ಬರುವಷ್ಟು ಅಲ್ಪ. ಬೆಕ್ಕಿನ ನರದ ಮುಂದೆ ತೋರಿದ ಅನ್ವಯವ್ಯತಿರೇಕಶುದ್ಧಿಯು ಮನುಷ್ಯನ ಬೆನ್ನಿನ ಮುಂದೆ ಇನ್ನೂ ಪೂರ್ತಿಯಾಗಿ ದೊರೆತಿಲ್ಲ.

ಕನ್ನಡದ ಮಾತಿಗೆ ಬರೋಣ. ಮನುಷ್ಯನ ನೆನಪಿಗೆ ಸ್ಮೃತಿಯೆಂಬುದನ್ನು ಉಳಿಸಿಕೊಂಡು, ಬೆನ್ನುಹುರಿಯ ಮಾರ್ಪಾಟಿಗೆ 'ಸಂಸ್ಕಾರಶೇಷ' ಎಂದೂ, ಅದು ನೆಲೆಗೊಳ್ಳುವ ಕ್ರಿಯೆಗೆ 'ಸಂಸ್ಕಾರಸ್ಥೈರ್ಯ' ಎಂದೂ ಹೇಳಬಹುದೆಂದು ನಮ್ಮ ಸೂಚನೆ. ಪ್ರಚೋದನೆಗಳನ್ನು ಜೊತೆಗೂಡಿಸಿ ಕಲಿಸುವುದಕ್ಕೆ ಪಠ್ಯಗಳಲ್ಲಿ ರೂಢವಾದ 'ಅನುಬಂಧನ' ಸಾಕು. ಕುಗ್ಗುವಿಕೆಗೆ 'ಅಭ್ಯಾಸ'ವೆಂದು ಬರೆಯುವ ವಾಡಿಕೆ ಮಾತ್ರ ನಮಗೆ ಒಪ್ಪಿಗೆಯಿಲ್ಲ. ಅಭ್ಯಾಸವೆಂದರೆ ನಮ್ಮಲ್ಲಿ ಪಟುತ್ವ ಬೆಳೆಯುವುದು, ಕುಗ್ಗುವುದಲ್ಲ. ಅದಕ್ಕೆ ತಕ್ಕ ಪದವನ್ನು ವೈದ್ಯಶಾಸ್ತ್ರವನ್ನು ಕನ್ನಡದಲ್ಲಿ ಬೋಧಿಸುವವರು ಸೂಚಿಸಿದರೆ ಈ ಪತ್ರಿಕೆಯಲ್ಲಿಯೇ ಚರ್ಚಿಸಬಹುದು.