ಗಾಜಿನ ತೊಟ್ಟಿಗೆ ಕಡಲು ತರುವ ಪದ್ಧತಿ: ಒಂದು ವಿಮರ್ಶೆ

ಹಲವು ವರ್ಷ ಗಪ್ಪಿ, ಟೆಟ್ರಾ, ಏಂಜೆಲ್ ಮೀನುಗಳನ್ನು ಸಾಕಿ ಕೈ ಪಳಗಿದ ಹವ್ಯಾಸಿಗಳು ಮನೆಯಲ್ಲಿರುವ ತೊಟ್ಟಿಯನ್ನೇ ಬರಿದು ಮಾಡಿ, ಅದಕ್ಕೆ ಉಪ್ಪುನೀರು ತುಂಬಿ, ಕಡಲ ಮೀನುಗಳ ಬಿಡಾರವಾಗಿಸುವ ಪದ್ಧತಿ ಇಂದು ಬೆಂಗಳೂರಿನಂಥ ಒಳನಾಡಿನ ನಗರಗಳಲ್ಲೂ ಕಾಣಸಿಗುತ್ತದೆ. ಇದರ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ವಾದ ಮಿತವ್ಯಯದ್ದು: ಗಾಜು, ಸ್ಟ್ಯಾಂಡು, ಹೀಟರ್, ಫಿಲ್ಟರ್, ದೀಪ ಎಲ್ಲವೂ ಕೈಯಲ್ಲೇ ಇರುವುದರಿಂದ ಅರ್ಧ ಕೆಲಸ ಮುಗಿದಂತೆಯೇ, ಇನ್ನು ಬೇಕಾಗಿರುವುದು ಉಪ್ಪು ಮತ್ತು ಮೀನು ಮಾತ್ರ. ಈ ವಾದವನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಹಳೆಯ ತೊಟ್ಟಿಯಿಂದ ಉಳಿಯುವುದು ಇಡೀ ವ್ಯವಸ್ಥೆಯ ಅತಿ ಅಗ್ಗದ ಭಾಗವೆಂದೂ, ಉಳಿಯದೆ ಹೋಗುವುದು ಹಣ ಕೊಟ್ಟು ಕೊಳ್ಳಲಾಗದ ಭಾಗವೆಂದೂ ಸ್ಪಷ್ಟವಾಗುತ್ತದೆ. ಆದರೂ ಪದ್ಧತಿಯನ್ನು ಸಾರಾಸಗಟಾಗಿ ತಿರಸ್ಕರಿಸುವುದು ನ್ಯಾಯವಲ್ಲ; ಅದು ಯಾವ ಷರತ್ತುಗಳಲ್ಲಿ ಒಪ್ಪತಕ್ಕದ್ದು, ಎಲ್ಲಿ ಅದು ಮೀನಿಗೂ ಕಡಲಿಗೂ ಅಪಚಾರವಾಗುತ್ತದೆ ಎಂಬುದನ್ನು ಬೇರ್ಪಡಿಸಿ ಹೇಳಬೇಕಾಗಿದೆ.

ಮೊದಲಿಗೆ ನೀರಿನ ವಿಚಾರ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಅದೇ ಗಾತ್ರದ ಶುದ್ಧ ನೀರಿಗಿಂತ ಅದು ಎಷ್ಟು ತೂಕವೆಂಬುದನ್ನು ತಿಳಿಸುವ ಸಾಪೇಕ್ಷ ಸಾಂದ್ರತೆಯಲ್ಲಿ ಹೇಳುವುದಾದರೆ ಅದು 1.025ರ ಆಸುಪಾಸು. ಈ ಲವಣಗಳಲ್ಲಿ ಬಹುಪಾಲು ಅಡುಗೆ ಉಪ್ಪೇ ಆದ ಸೋಡಿಯಂ ಕ್ಲೋರೈಡ್ ಎಂಬುದು ನಿಜವಾದರೂ, ಉಳಿದ ಪಾಲಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಮತ್ತು ಬೈಕಾರ್ಬೊನೇಟ್‌ಗಳಿಲ್ಲದೆ ಅದು ಕಡಲ ನೀರಾಗುವುದಿಲ್ಲ. ಆದ್ದರಿಂದ ಸಿಹಿನೀರಿನ ಮೀನುಗಳ ಕಾಯಿಲೆಗೆಂದು ಅಂಗಡಿಗಳಲ್ಲಿ ಮಾರುವ ಬಿಡಿ ಉಪ್ಪು ಇಲ್ಲಿ ಕೆಲಸಕ್ಕೆ ಬಾರದು, ಕಡಲ ತೊಟ್ಟಿಗೆಂದೇ ತಯಾರಿಸಿದ ಮಿಶ್ರಣವೇ ಬೇಕು. 150 ಲೀಟರ್ ತೊಟ್ಟಿಯನ್ನು ಮೊದಲ ಸಲ ತುಂಬಲು 5 ಕಿಲೋಗೂ ಹೆಚ್ಚು ಮಿಶ್ರಣ ಹಿಡಿಯುತ್ತದೆ, ಆಮೇಲೆ ವಾರಕ್ಕೆ ಶೇ. 10ರಷ್ಟು ನೀರು ಬದಲಿಸಿದರೂ ಪ್ರತಿ ವಾರ ಅರ್ಧ ಕಿಲೋ ದಾಟುತ್ತದೆ. ಹಳೆಯ ಗಾಜಿನಿಂದ ಉಳಿದ ಹಣ ಕೆಲವೇ ತಿಂಗಳುಗಳಲ್ಲಿ ಈ ಉಪ್ಪಿನಲ್ಲೇ ಕರಗುತ್ತದೆ. ಆ ಉಪ್ಪನ್ನು ಕರಗಿಸುವ ನೀರೂ ಪ್ರಶ್ನೆಯೇ. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರನ್ನು ಸಹಿಸಿಕೊಂಡು ಬಾಳುವ ಸಿಹಿನೀರಿನ ಮೀನುಗಳು ಹಲವಿದ್ದರೂ, ಅದೇ ನೀರಿನಲ್ಲಿರಬಹುದಾದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳು ಕಡಲ ತೊಟ್ಟಿಯಲ್ಲಿ ಕಂದು ಮತ್ತು ಹಸಿರು ಪಾಚಿಗೆ ಮೇವಾಗುವುದರಿಂದ ಆರ್‌ಒ ಯಂತ್ರದಲ್ಲಿ ಶೋಧಿಸಿದ ನೀರನ್ನೇ ಬಳಸಬೇಕಾಗುತ್ತದೆ. ಮಂಗಳೂರಿನ ಹವ್ಯಾಸಿಗೆ ಕಡಲೇ ಮನೆ ಬಾಗಿಲಲ್ಲಿದೆ ಎನಿಸಿದರೂ, ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ತಂದು ಸುರಿಯುವ ಸಿಹಿನೀರು ಮತ್ತು ಕೆಸರಿನಿಂದ ದಡದ ನೀರಿನ ಲವಣಾಂಶ ಇಳಿಯುತ್ತದೆ, ಬೇಸಗೆಯಲ್ಲಿ ತೊಟ್ಟಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಮೀರಿ ಅಲ್ಲಿ ಹೀಟರ್ ಬದಲು ನೀರು ತಂಪಾಗಿಸುವ ಚಿಲ್ಲರ್ ಬೇಕಾಗುತ್ತದೆ.

ನೀರಿಗಿಂತ ಮುಖ್ಯವಾದದ್ದು ಮೀನಿನ ಒಡಲು. ತೆಳು ಪೊರೆಯೊಂದರ ಎರಡು ಬದಿಯಲ್ಲಿ ಲವಣ ಹೆಚ್ಚುಕಡಿಮೆ ಇದ್ದಾಗ ನೀರು ಲವಣ ಹೆಚ್ಚಿರುವ ಕಡೆಗೆ ಸರಿಯುವುದನ್ನು ಅಭಿಸರಣೆ ಎನ್ನುತ್ತಾರೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಲವಣವಿರುವುದರಿಂದ ಕಿವಿರು ಮತ್ತು ಚರ್ಮದ ಮೂಲಕ ನೀರು ಸದಾ ಒಳಗೆ ಜಿನುಗುತ್ತದೆ. ಅದು ನೀರನ್ನು ಕುಡಿಯದೆ, ತೆಳುವಾದ ಮೂತ್ರವನ್ನು ಧಾರಾಳವಾಗಿ ಹೊರಹಾಕಿ ಬದುಕುತ್ತದೆ. ಕಡಲ ಮೀನಿನ ಸ್ಥಿತಿ ಇದಕ್ಕೆ ತದ್ವಿರುದ್ಧ: ಅದರ ಒಡಲಿನ ನೀರು ಹೊರಗಿನ ಉಪ್ಪಿನೆಡೆಗೆ ಸೋರಿಹೋಗುತ್ತಿರುವುದರಿಂದ ಅದು ಸಮುದ್ರವನ್ನೇ ಕುಡಿದು, ಹೆಚ್ಚುವರಿ ಲವಣವನ್ನು ಕಿವಿರಿನ ವಿಶೇಷ ಜೀವಕೋಶಗಳ ಮೂಲಕ ಹೊರದೂಡುತ್ತದೆ. ಈ ವ್ಯತ್ಯಾಸವನ್ನು ಲೆಕ್ಕಿಸದೆ, ಮೀನುಗಳಿರುವ ತೊಟ್ಟಿಗೇ ದಿನಕ್ಕಿಷ್ಟು ಉಪ್ಪು ಸೇರಿಸುತ್ತ ಕೆಲವು ವಾರಗಳಲ್ಲಿ ಅದನ್ನು ಕಡಲಾಗಿಸಬಹುದೆಂಬ ಸಲಹೆ ಹವ್ಯಾಸಿಗಳ ನಡುವೆ ಚಲಾವಣೆಯಲ್ಲಿದ್ದು, ಈ ಇಡೀ ಪದ್ಧತಿಯಲ್ಲಿ ಅತ್ಯಂತ ಖಂಡನೀಯವಾದ ಭಾಗ ಅದೇ. ಸಲಹೆಗೆ ಆಧಾರವಾಗಿರುವುದು ಮಾಲಿ ಮೀನು. ನದಿ ಮುಖದ ಸವಳು ನೀರಿನಲ್ಲೂ ಬಾಳುವ ಈ ಜಾತಿ ನಿಧಾನವಾಗಿ ಒಗ್ಗಿಸಿದರೆ ಪೂರ್ಣ ಸಮುದ್ರದ ಲವಣಾಂಶಕ್ಕೂ ಹೊಂದಿಕೊಳ್ಳುತ್ತದೆ ಎಂಬುದು ಸತ್ಯ. ಆದರೆ ಟೆಟ್ರಾ, ಏಂಜೆಲ್, ಗೋಲ್ಡ್ ಫಿಶ್‌ಗಳಿಗೆ ಆ ಶಕ್ತಿಯಿಲ್ಲ. ಅವು ದಿನಗಟ್ಟಲೆ ಒಳಗಿಂದ ಒಣಗುತ್ತ ಸಾಯುತ್ತವೆ. ಒಂದು ಜಾತಿಯ ವಿಶೇಷ ಸಾಮರ್ಥ್ಯವನ್ನು ಸಾಮಾನ್ಯ ನಿಯಮವಾಗಿ ಹೇಳಿಕೊಡುವುದು ಕಲಿಯುವವರಿಗೆ ಮಾಡುವ ವಂಚನೆಯೇ ಸರಿ.

ತೊಟ್ಟಿಯೊಂದನ್ನು ಬದುಕಲು ಯೋಗ್ಯವಾಗಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಮೀನಿನ ಕಿವಿರಿನಿಂದಲೂ ಕೊಳೆತ ಆಹಾರದಿಂದಲೂ ಹೊರಬರುವ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪಿನವು ಅದನ್ನು ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಸರಪಣಿ ನೆಲೆಗೊಳ್ಳುವುದನ್ನು ಹವ್ಯಾಸಿಗಳು ಸೈಕಲ್ ಆಗುವುದು ಎನ್ನುತ್ತಾರೆ. ಹಳೆಯ ಫಿಲ್ಟರಿನಲ್ಲಿ ವರ್ಷಗಳಿಂದ ಬೆಳೆದ ಬ್ಯಾಕ್ಟೀರಿಯಾ ಪದರವೇ ಹೊಸ ಕಡಲಿಗೂ ಸಾಕೆಂಬ ನಂಬಿಕೆಯಿಂದ ಹಲವರು ಅದನ್ನು ತೊಳೆಯದೆ ಉಳಿಸಿಕೊಳ್ಳುತ್ತಾರೆ. ಸಿಹಿನೀರಿಗೆ ಒಗ್ಗಿದ ಆ ಸಮುದಾಯ ಒಮ್ಮೆಲೇ 35 ಗ್ರಾಂ ಲವಣಾಂಶಕ್ಕೆ ಸಿಕ್ಕಾಗ ಅದರ ಬಹುಪಾಲು ಕೆಲಸ ನಿಲ್ಲಿಸುತ್ತದೆ, ಸತ್ತ ಭಾಗ ತಾನೇ ಕೊಳೆತು ಅಮೋನಿಯಾದ ಮೂಲವಾಗುತ್ತದೆ. ಇದರ ಜೊತೆಗೆ ರಸಾಯನವೂ ಎದುರು ನಿಲ್ಲುತ್ತದೆ: ನೀರಿನ ಆಮ್ಲೀಯತೆ ಅಥವಾ ಕ್ಷಾರೀಯತೆಯನ್ನು ಅಳೆಯುವ ಪಿಎಚ್ ಸಿಹಿನೀರಿನ ತೊಟ್ಟಿಯಲ್ಲಿ 7ರ ಸುಮಾರಿದ್ದರೆ ಕಡಲಿನಲ್ಲಿ 8.2ರಷ್ಟಿರುತ್ತದೆ, ಈ ಏರಿಕೆಯಿಂದಾಗಿ ಅಷ್ಟೇ ಪ್ರಮಾಣದ ಅಮೋನಿಯಾದಲ್ಲಿ ವಿಷಕಾರಿ ರೂಪದಲ್ಲಿರುವ ಪಾಲು ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಸಿಹಿನೀರಿನಲ್ಲಿ ಮೀನು ಸಹಿಸಿಕೊಂಡ ಅಳತೆ ಇಲ್ಲಿ ಅದನ್ನು ಕೊಲ್ಲುತ್ತದೆ. ನೈಟ್ರೈಟ್ ವಿಷಯದಲ್ಲಿ ಮಾತ್ರ ಕಡಲು ಉದಾರಿ. ಅದರಲ್ಲಿ ಹೇರಳವಾಗಿರುವ ಕ್ಲೋರೈಡ್ ಕಿವಿರಿನ ಮೂಲಕ ನೈಟ್ರೈಟ್ ಒಳಹೋಗುವುದನ್ನು ತಡೆಯುತ್ತದೆ.

ಹೀಗಾಗಿ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಶೂನ್ಯಕ್ಕಿಳಿಯುವವರೆಗೆ, ಅಂದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ತೊಟ್ಟಿಯಲ್ಲಿ ಉಪ್ಪುನೀರು, ಕಲ್ಲು ಮತ್ತು ಒಂದು ತುಂಡು ಸಿಗಡಿ ಅಥವಾ ಅಷ್ಟೇ ಅಮೋನಿಯಾ ಕೊಡುವ ಬೇರೇನಾದರೂ ವಸ್ತುವನ್ನು ಬಿಟ್ಟು ಇನ್ನೇನೂ ಇರಬಾರದು. ಇಡೀ ಪದ್ಧತಿಯನ್ನು ಅಳೆಯಬೇಕಾದ ನಿಜವಾದ ಕೋಲು ಈ ಖಾಲಿ ವಾರಗಳೇ. ವರ್ಷಗಟ್ಟಲೆ ಮೀನುಗಳಿಂದ ತುಂಬಿದ್ದ ತೊಟ್ಟಿಯನ್ನು ಕಂಡವರಿಗೆ ಅದು ವಾರಗಟ್ಟಲೆ ಬರಿದಾಗಿ ನಿಂತಿರುವುದು ಅಸಹಜವೆನಿಸುತ್ತದೆ. ಹೊಸದಾಗಿ ಹವ್ಯಾಸ ಹಿಡಿದವರಿಗಿಂತ ಹಳಬರೇ ಇಲ್ಲಿ ಹೆಚ್ಚು ಅವಸರಪಡುವುದಕ್ಕೆ ಕಾರಣ ಅವರ ಅನುಭವವೇ. ಕೃತಕ ಕಡಲ ನೀರಿನ ಇತಿಹಾಸದ ಆರಂಭದಲ್ಲೇ ಈ ಸಂಯಮದ ಮಾದರಿಯೊಂದಿದೆ. 1854ರಲ್ಲಿ ‘ದಿ ಅಕ್ವೇರಿಯಂ’ ಗ್ರಂಥ ಪ್ರಕಟಿಸಿದ ಇಂಗ್ಲೆಂಡಿನ ನಿಸರ್ಗವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್, ನಾಲ್ಕು ಲವಣಗಳನ್ನು ಬೆರೆಸಿ ಕಡಲ ನೀರು ತಯಾರಿಸಿದಾಗ ಅದಕ್ಕೆ ಕೂಡಲೇ ಪ್ರಾಣಿಗಳನ್ನು ಬಿಡದೆ, ಮೊದಲು ಹಸಿರು ಕಡಲಪಾಚಿ ಬೆಳೆದ ಕಲ್ಲಿನ ಚೂರುಗಳನ್ನು ಇಟ್ಟು ಕಾದ. ಅಮೋನಿಯಾವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾಗಳ ಅರಿವು ವಿಜ್ಞಾನಕ್ಕೆ ಇನ್ನೂ ಬಂದಿರದ ಕಾಲದಲ್ಲಿ, ನೀರು ತಾನಾಗಿ ಬದುಕು ಹಿಡಿಯಬೇಕೆಂಬ ತಿಳಿವಳಿಕೆ ಅವನಿಗಿತ್ತು ಎಂಬುದು ಗೌರವಕ್ಕೆ ಅರ್ಹವಾದ ಸಂಗತಿ.

ಉಪಕರಣಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಬಣ್ಣದ ಜಲ್ಲಿ, ನೀರಿಗೆ ಆಮ್ಲೀಯತೆ ತರುವ ಮರದ ಬೇರು, ಗಿಡಗಳು, ಉಪ್ಪಿನ ಪಸೆಗೆ ತುಕ್ಕು ಹಿಡಿಯುವ ಲೋಹದ ಮುಚ್ಚಳ ಇವೆಲ್ಲ ಹೊರಹೋಗಬೇಕು. ಗಾಜಿನ ಅಂಚಿನ ಸಿಲಿಕಾನ್ ಹಳೆಯದಾಗಿ ಬಿರುಕು ಬಿಟ್ಟಿಲ್ಲವೇ ಎಂಬುದನ್ನೂ, ಹಿಂದೆಂದಾದರೂ ತಾಮ್ರವಿರುವ ಔಷಧಿ ಬಳಸಿದ್ದುಂಟೇ ಎಂಬುದನ್ನೂ ವಿಚಾರಿಸಬೇಕು. ಕಲ್ಲು ಮತ್ತು ಮರಳಿನಲ್ಲಿ ಸೇರಿಕೊಂಡ ತಾಮ್ರ ಮೀನಿಗೆ ತಿಳಿಯದಷ್ಟು ಅಲ್ಪ ಪ್ರಮಾಣದಲ್ಲಿದ್ದರೂ ಸಿಗಡಿ, ಬಸವನಹುಳು, ಹೂಮೃಗ (ಸೀ ಅನಿಮೋನ್) ಮುಂತಾದ ಅಕಶೇರುಕಗಳನ್ನು ಕೊಲ್ಲಬಲ್ಲದು. ಹೊಸದಾಗಿ ಸೇರಬೇಕಾದವು ಮುಖ್ಯವಾಗಿ ಎರಡು. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು 8 ಮಿಲಿಗ್ರಾಂಗೂ ತುಸು ಹೆಚ್ಚು ಆಮ್ಲಜನಕ ಹಿಡಿದರೆ ಸಮುದ್ರದ ನೀರು 7 ಮಿಲಿಗ್ರಾಂಗೂ ಕಡಿಮೆ ಹಿಡಿಯುವುದರಿಂದ, ನೀರನ್ನು ಸದಾ ಕದಡಿ ಮೇಲ್ಮೈಗೆ ತರುವ ಪವರ್ ಹೆಡ್ ಪಂಪುಗಳು ಅನಿವಾರ್ಯ. ಇನ್ನೊಂದು ಪ್ರೋಟೀನ್ ಸ್ಕಿಮ್ಮರ್: ಸಣ್ಣ ಗಾಳಿಗುಳ್ಳೆಗಳನ್ನು ನೀರಿನ ಕಂಬದೊಳಗೆ ಹಾಯಿಸಿ, ಅವುಗಳ ಮೈಗೆ ಅಂಟಿದ ಸಾವಯವ ಕಲ್ಮಶವನ್ನು ನೊರೆಯಾಗಿ ಬಟ್ಟಲಿಗೆ ತರುವ ಈ ಸಾಧನ ಗುಳ್ಳೆಗಳು ಸಣ್ಣದಾಗಿಯೇ ಉಳಿಯುವ ಉಪ್ಪುನೀರಿನಲ್ಲಿ ಮಾತ್ರ ಚೆನ್ನಾಗಿ ನಡೆಯುವುದರಿಂದ ಹಳೆಯ ತೊಟ್ಟಿಯಲ್ಲಿ ಅದು ಇದ್ದಿರುವ ಸಂಭವವೇ ಇಲ್ಲ. ತೊಟ್ಟಿ ಚಿಕ್ಕದಾದಷ್ಟೂ ಕಷ್ಟ ಹೆಚ್ಚು, ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಬೇಸಗೆಯ ಒಣ ಹವೆಯಲ್ಲಿ 40 ಲೀಟರ್ ತೊಟ್ಟಿಯ ಲವಣಾಂಶ ದಿನದಿನಕ್ಕೂ ಏರುತ್ತ ಹೋಗುವುದರಿಂದ ಪ್ರತಿದಿನ ಉಪ್ಪಿಲ್ಲದ ನೀರನ್ನು ತುಂಬಿಸಬೇಕಾಗುತ್ತದೆ. ಮೇಜಿನ ಮೇಲಿನ ಪುಟ್ಟ ತೊಟ್ಟಿಯಲ್ಲಿ ಕಡಲನ್ನು ಕಲಿಯಲು ಆರಂಭಿಸಬೇಡಿ ಎಂದು ಹೇಳುವುದೇ ಪ್ರಾಮಾಣಿಕ ಸಲಹೆ. 150 ಲೀಟರಿಗೆ ಕಡಿಮೆಯಿದ್ದರೆ ಹಳೆಯ ತೊಟ್ಟಿಯನ್ನು ಹಾಗೆಯೇ ಬಿಡುವುದು ಲೇಸು.

ಕಲ್ಲಿನ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಪಾಶ್ಚಾತ್ಯ ಕೈಪಿಡಿಗಳು ಆರಂಭಿಕರಿಗೆ ಸೂಚಿಸುತ್ತ ಬಂದಿರುವ ಲೈವ್ ರಾಕ್ ಎಂದರೆ, ಸತ್ತ ಹವಳಗಳ ಸುಣ್ಣದ ಅಸ್ಥಿಪಂಜರದ ಮೇಲೂ ರಂಧ್ರಗಳಲ್ಲೂ ಬ್ಯಾಕ್ಟೀರಿಯಾ, ಪಾಚಿ, ಹುಳುಗಳು ನೆಲೆಸಿರುವ, ಹವಳ ದಿಬ್ಬದಿಂದಲೇ ಎತ್ತಿತಂದ ಬಂಡೆ. ಅದನ್ನು ಇಟ್ಟರೆ ಖಾಲಿ ವಾರಗಳು ಕಡಿಮೆಯಾಗುತ್ತವೆ. ಭಾರತದಲ್ಲಿ ಈ ಸಲಹೆಯನ್ನು ಪಾಲಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲು ಹವಳಗಳು, ಕಪ್ಪು ಹವಳಗಳು, ಸಮುದ್ರ ಬೀಸಣಿಗೆಗಳು ಮತ್ತು ಕಡಲಕುದುರೆಗಳು ಸೇರಿದವು. ಹುಲಿಗೆ ಸಿಗುವ ಕಾನೂನಿನ ರಕ್ಷಣೆಯೇ ಅವುಗಳಿಗೂ ಸಿಕ್ಕಿತು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಕರ್ನಾಟಕದ ಪಾಲಿಗೂ ಹವಳಗಳಿವೆ. ಅವುಗಳ ಒಂದು ತುಂಡೂ ಯಾರ ತೊಟ್ಟಿಯ ಶೋಭೆಗೂ ಬರಬಾರದು. ಹವ್ಯಾಸ ಕಡಲನ್ನು ಬರಿದಾಗಿಸಬಲ್ಲದೆಂಬ ಭಯ ಹೊಸದೇನಲ್ಲ: ಗಾಸ್‌ನ ಪುಸ್ತಕಗಳು ಹುಟ್ಟಿಸಿದ ಉತ್ಸಾಹದಲ್ಲಿ ಜನ ಇಂಗ್ಲೆಂಡಿನ ದಡದ ಬಂಡೆಗುಂಡಿಗಳನ್ನು ಹೇಗೆ ಸೂರೆ ಮಾಡಿದರು, ಅದು ತಂದೆಯನ್ನು ಎಷ್ಟು ನೋಯಿಸಿತು ಎಂಬುದನ್ನು ಅವನ ಮಗ ಎಡ್ಮಂಡ್ ಗಾಸ್ 1907ರ ‘ಫಾದರ್ ಅಂಡ್ ಸನ್’ ಕೃತಿಯಲ್ಲಿ ದಾಖಲಿಸಿದ್ದಾನೆ. ರಂಧ್ರಗಳುಳ್ಳ ಸೆರಾಮಿಕ್ ಕಲ್ಲು ಅಥವಾ ನೆಲದ ಮೇಲಿನ ಸುಣ್ಣಕಲ್ಲು ಬಳಸಿ ಎರಡು ವಾರ ಹೆಚ್ಚು ಕಾಯುವುದರಲ್ಲಿ ನಷ್ಟವೇನೂ ಇಲ್ಲ.

ಖಾಲಿಯಾದ ತೊಟ್ಟಿಯ ಹಳೆಯ ನಿವಾಸಿಗಳು ಎಲ್ಲಿಗೆ ಹೋಗಬೇಕೆಂಬುದನ್ನು ಪದ್ಧತಿಯ ಪ್ರತಿಪಾದಕರು ಚರ್ಚಿಸುವುದೇ ವಿರಳ. ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡುವುದು ಸರಿಯಾದ ದಾರಿ; ಪುಣ್ಯವೆಂದು ಭಾವಿಸಿ ಕೆರೆಗೆ ಬಿಡುವುದು ಘೋರ ತಪ್ಪು. ಗಾಜಿನ ಪಾಚಿ ತಿನ್ನಲೆಂದು ಸಾಕುವ, ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಹೀಗೆ ತೊಟ್ಟಿಗಳಿಂದಲೇ ತಪ್ಪಿಸಿಕೊಂಡು ಭಾರತದ ಹಲವು ಕೆರೆ, ನದಿಗಳಲ್ಲಿ ನೆಲೆಯೂರಿ ಸ್ಥಳೀಯ ಮೀನುಗಳಿಗೂ ಬಲೆ ಬೀಸುವವರಿಗೂ ಕಂಟಕವಾಗಿದೆ.

ಹೊಸ ನಿವಾಸಿಗಳ ಆಯ್ಕೆಯಲ್ಲಿ ಸಿಹಿನೀರಿನ ಹವ್ಯಾಸಿ ತನ್ನ ಅತಿ ದೊಡ್ಡ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಿಹಿನೀರಿನ ಅಲಂಕಾರ ಮೀನುಗಳಲ್ಲಿ ಬಹುಪಾಲು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಕಡಲ ಮೀನುಗಳಲ್ಲಿ ಬಹುಪಾಲು ಹವಳ ದಿಬ್ಬಗಳಿಂದ ಹಿಡಿದು ತಂದವು, ಫಿಲಿಪೀನ್ಸ್ ಮುಂತಾದೆಡೆ ಅವುಗಳನ್ನು ಮಂಪರುಗೊಳಿಸಿ ಹಿಡಿಯಲು ಸೋಡಿಯಂ ಸಯನೈಡ್ ಚಿಮುಕಿಸಿದ ಕೆಟ್ಟ ಇತಿಹಾಸವೂ ಇದೆ. ಸತ್ತ ಗಪ್ಪಿಯ ಬದಲು ಇನ್ನೊಂದನ್ನು ತರುವಷ್ಟು ಹಗುರವಾಗಿ ಇಲ್ಲಿ ಸಾವನ್ನು ಕಾಣುವಂತಿಲ್ಲ. ನೀಲಿ ಟ್ಯಾಂಗ್ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಮ್ಯಾಂಡರಿನ್ ಮೀನು ದಿನವಿಡೀ ಕೋಪೆಪಾಡ್ ಎಂಬ ಸೂಕ್ಷ್ಮ ಕಠಿಣಚರ್ಮಿಗಳನ್ನು ಹೆಕ್ಕಿ ತಿನ್ನುವುದರಿಂದ ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ. ಗಟ್ಟಿಮುಟ್ಟೆಂದು ಶಿಫಾರಸು ಮಾಡುವ ಡ್ಯಾಮ್ಸೆಲ್‌ಗಳು ಆಮೇಲೆ ಬಂದ ಮೀನುಗಳನ್ನು ಅಟ್ಟಾಡಿಸುತ್ತವೆ. ಇವುಗಳ ನಡುವೆ ಕ್ಲೌನ್ ಮೀನೊಂದೇ ಆರಂಭಿಕರಿಗೆ ಎಲ್ಲ ದೃಷ್ಟಿಯಿಂದಲೂ ಒಪ್ಪುವಂಥದ್ದು. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ ತಮಿಳುನಾಡಿನ ಪರಂಗಿಪೇಟ್ಟೈಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಕೇಂದ್ರವೂ ಅದರ ಮರಿಗಳನ್ನು ತೊಟ್ಟಿಯಲ್ಲೇ ಬೆಳೆಸುವ ವಿಧಾನವನ್ನು ಭಾರತದಲ್ಲಿ ಸಾಧಿಸಿ ತೋರಿಸಿವೆ. ಹೂಮೃಗದ ಆಸರೆಯಿಲ್ಲದೆಯೂ ಅದು ತೊಟ್ಟಿಯಲ್ಲಿ ಸುಖವಾಗಿರಬಲ್ಲದು. ಎರಡನ್ನು ಮರಿಗಳಿದ್ದಾಗಲೇ ತಂದರೆ ದೊಡ್ಡದು ಹೆಣ್ಣಾಗಿ ಮಾರ್ಪಟ್ಟು, ಕಲ್ಲಿನ ಮೇಲೆ ಮೊಟ್ಟೆಯಿಟ್ಟು, ಗಂಡು ಅದಕ್ಕೆ ಕಾವಲಿರುವುದನ್ನೂ ಕಾಣಬಹುದು. ಅಂಗಡಿಯವರನ್ನು ಕೇಳಿ, ಸಾಕಣೆಯಲ್ಲಿ ಹುಟ್ಟಿದ್ದೆಂದು ಖಾತ್ರಿಪಡಿಸಿಕೊಂಡು, ಬೆಲೆ ತುಸು ಹೆಚ್ಚಾದರೂ ಅಂಥ ಒಂದು ಜೋಡಿಯನ್ನಷ್ಟೇ 150 ಲೀಟರಿನ ತೊಟ್ಟಿಗೆ ಬಿಟ್ಟು ಮೊದಲ ವರ್ಷವನ್ನು ಕಳೆಯುವ ಹವ್ಯಾಸಿಗೆ ಈ ಪದ್ಧತಿಯನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು; ಕ್ಲೌನ್ ಮೀನು ಒಳ್ಳೆಯ ಆರೈಕೆಯಲ್ಲಿ ಹತ್ತು ವರ್ಷಕ್ಕೂ ಮೀರಿ ಬಾಳುವುದರಿಂದ, ಆ ನಿರ್ಧಾರ ಕೈಗೊಳ್ಳುವಾಗ ಅಷ್ಟು ವರ್ಷಗಳ ಉಪ್ಪು, ವಿದ್ಯುತ್ತು ಮತ್ತು ಊರಿಗೆ ಹೋದಾಗ ಮೀನು ನೋಡಿಕೊಳ್ಳುವವರ ವ್ಯವಸ್ಥೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಬೇಕು.