ಅಪ್ಪನನ್ನು ಹೆಸರು ಹಿಡಿದು ಕರೆಯುವ ಕೋಡ್

ಪೈಥಾನ್ 3.12ರ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರ್‌ನ ಕಡತ ತೆರೆದವರಿಗೆ ಒಂದು ತಮಾಷೆ ಕಾಣುತ್ತದೆ. ಕಡತದ ಮೇಲ್ಭಾಗದಲ್ಲಿರುವ ‘ಎಚ್‌ಟಿಟಿಪಿಸರ್ವರ್’ ಕ್ಲಾಸ್, ಸಾಕೆಟ್ಟಿಗೆ ವಿಳಾಸ ಕಟ್ಟಿಕೊಡುವಾಗ ತನ್ನ ಪೇರೆಂಟ್ ಕ್ಲಾಸನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತದೆ: ‘ಸಾಕೆಟ್‌ಸರ್ವರ್.ಟಿಸಿಪಿಸರ್ವರ್.ಸರ್ವರ್_ಬೈಂಡ್(ಸೆಲ್ಫ್)’. ಅದೇ ಕಡತದ ತುದಿಯಲ್ಲಿ, ಐಪಿವಿ4 ಮತ್ತು ಐಪಿವಿ6 ಎರಡನ್ನೂ ನಿಭಾಯಿಸುವ ‘ಡ್ಯುಯಲ್‌ಸ್ಟ್ಯಾಕ್‌ಸರ್ವರ್’ ಅದೇ ಕೆಲಸಕ್ಕೆ ‘ಸೂಪರ್().ಸರ್ವರ್_ಬೈಂಡ್()’ ಎನ್ನುತ್ತದೆ. ಒಂದೇ ಮನೆಯಲ್ಲಿ ಒಬ್ಬ ಮಗ ಅಪ್ಪನನ್ನು ಹೆಸರು ಹಿಡಿದು ಕೂಗಿದರೆ, ಇನ್ನೊಬ್ಬ ‘ಅಪ್ಪಾ’ ಎಂದ ಹಾಗೆ.

ಹೆಸರು ಹಿಡಿದು ಕರೆದದ್ದು ಆ ಕಾಲಕ್ಕೆ ಉದ್ಧಟತನವಾಗಿರಲಿಲ್ಲ. 2001ರಲ್ಲಿ ಬಂದ ಪೈಥಾನ್ 2.2ರಲ್ಲೇ ‘ಸೂಪರ್’ ಇತ್ತು, ನಿಜ. ಆದರೆ ಅದು ಹೊಸ ಶೈಲಿಯ ಕ್ಲಾಸುಗಳಿಗೆ ಮಾತ್ರ ಒಲಿಯುತ್ತಿತ್ತು. ಪೈಥಾನ್ 2ರ ಸಾಕೆಟ್ ಸರ್ವರ್ ಕ್ಲಾಸುಗಳು ಕೊನೆಯವರೆಗೂ ಹಳೆ ಶೈಲಿಯಲ್ಲೇ ಉಳಿದವು; ಅಲ್ಲಿ ‘ಸೂಪರ್’ ಬಳಸಿದರೆ ಟೈಪ್‌ಎರರ್ ಗ್ಯಾರಂಟಿ. ಆವರಣದೊಳಗೆ ಏನೂ ಬರೆಯದ ಬರಿಯ ‘ಸೂಪರ್()’ ಬಂದದ್ದು 2008ರ ಡಿಸೆಂಬರ್‌ನಲ್ಲಿ, ಪೈಥಾನ್ 3.0ರ ಜೊತೆ. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲವೇ ನಿಂತಿತು. ಕಾರಣ ಹೋಯಿತು, ಬರವಣಿಗೆ ಉಳಿಯಿತು.

ಉಳಿದರೆ ಏನು ನಷ್ಟ? ಓಡುತ್ತಿದೆಯಲ್ಲ, ಮುಟ್ಟಬೇಡಿ ಎನ್ನುವವರು ಪ್ರತಿ ಆಫೀಸಿನಲ್ಲೂ ಇರುತ್ತಾರೆ. ಅವರಿಗೆ ಉತ್ತರ ‘ಥ್ರೆಡಿಂಗ್‌ಮಿಕ್ಸ್‌ಇನ್’ ಎಂಬ ಪುಟ್ಟ ಕ್ಲಾಸಿನಲ್ಲಿದೆ. ಪ್ರತಿ ರಿಕ್ವೆಸ್ಟಿಗೂ ಒಂದು ಥ್ರೆಡ್ ಎಬ್ಬಿಸುವ ಈ ಕ್ಲಾಸಿಗೆ ಸ್ವಂತ ಪೇರೆಂಟ್ ಇಲ್ಲ. ಟಿಸಿಪಿ ಸರ್ವರ್ ಇರಲಿ, ಯುಡಿಪಿ ಸರ್ವರ್ ಇರಲಿ, ಅದರ ಮುಂದೆ ನಿಂತು ಕೆಲಸ ಮಾಡುತ್ತದೆ. 3.7ರಿಂದ ಇದರ ‘ಸರ್ವರ್_ಕ್ಲೋಸ್’ ಮೆಥಡ್ ಮೊದಲು ‘ಸೂಪರ್().ಸರ್ವರ್_ಕ್ಲೋಸ್()’ ಎಂದು ಕರೆದು, ಆಮೇಲೆ ಡೀಮನ್ ಅಲ್ಲದ ಥ್ರೆಡ್ಡುಗಳೆಲ್ಲ ಮುಗಿಯುವವರೆಗೆ ಕಾಯುತ್ತದೆ. ತನ್ನ ಹಿಂದೆ ಯಾರಿದ್ದಾರೆಂದು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದವರನ್ನು ಹೆಸರು ಹಿಡಿದು ಕರೆಯುವುದು ಹೇಗೆ? ‘ಸೂಪರ್’ ಎಂದರೆ ಅಪ್ಪ ಎಂದು ಪಾಠ ಹೇಳುವ ಪುಸ್ತಕಗಳು ಎಡವುವುದು ಇಲ್ಲೇ. ಅದರ ಅರ್ಥ ಅಪ್ಪ ಅಲ್ಲ, ಪೈಥಾನ್ ಮೆಥಡ್ ಹುಡುಕುವ ಕ್ಲಾಸುಗಳ ಸರದಿಯಲ್ಲಿ ಮುಂದಿನವರು.

ಈಗ ಒಬ್ಬರು ಈ ಮಿಕ್ಸ್‌ಇನ್ ಮತ್ತು ಟಿಸಿಪಿ ಸರ್ವರ್ ಎರಡನ್ನೂ ಸೇರಿಸಿ ತಮ್ಮದೊಂದು ಕ್ಲಾಸ್ ಬರೆದರು ಎನ್ನಿ. ‘ಸರ್ವರ್_ಕ್ಲೋಸ್’ನಲ್ಲಿ ಒಂದು ಲಾಗ್ ಸಾಲು ಸೇರಿಸಿ, ಹಳೆ ಅಭ್ಯಾಸದಂತೆ ‘ಟಿಸಿಪಿಸರ್ವರ್.ಸರ್ವರ್_ಕ್ಲೋಸ್(ಸೆಲ್ಫ್)’ ಎಂದರು. ಸಾಕೆಟ್ ಮುಚ್ಚುತ್ತದೆ, ಎರರ್ ಬರುವುದಿಲ್ಲ, ಟೆಸ್ಟ್ ಪಾಸಾಗುತ್ತದೆ. ಆದರೆ ಸರದಿಯಲ್ಲಿದ್ದ ಮಿಕ್ಸ್‌ಇನ್ ತಪ್ಪಿಹೋಯಿತು. ಥ್ರೆಡ್ಡುಗಳಿಗಾಗಿ ಯಾರೂ ಕಾಯಲಿಲ್ಲ. ಮುಂದಿನ ಸಾಲಿನಲ್ಲಿ ಡೇಟಾಬೇಸ್ ಮುಚ್ಚಿದರೆ, ಅರ್ಧ ಕೆಲಸದಲ್ಲಿದ್ದ ಥ್ರೆಡ್ ನಡುನೀರಿನಲ್ಲಿ. ಸದ್ದಿಲ್ಲದ ತಪ್ಪು, ಹುಡುಕಲು ವಾರ ಹಿಡಿಯುವ ಜಾತಿಯದು.

ಸದ್ದು ಮಾಡುವ ತಪ್ಪೂ ಉಂಟು. ಎಸ್‌ಎಸ್‌ಎಲ್ ಮಾಡ್ಯೂಲಿನ ‘ಎಸ್‌ಎಸ್‌ಎಲ್‌ಕಾಂಟೆಕ್ಸ್ಟ್’ ಕ್ಲಾಸ್ ತನ್ನ ‘ಆಪ್ಷನ್ಸ್’ ಬದಲಿಸುವಾಗ ‘ಸೂಪರ್(ಎಸ್‌ಎಸ್‌ಎಲ್‌ಕಾಂಟೆಕ್ಸ್ಟ್, ಎಸ್‌ಎಸ್‌ಎಲ್‌ಕಾಂಟೆಕ್ಸ್ಟ್)’ ಎಂದು ತನ್ನದೇ ಹೆಸರನ್ನು ಎರಡೆರಡು ಸಲ ಹೇಳಿಕೊಳ್ಳುತ್ತದೆ. ಆ ಹೆಸರು ಯಾರದ್ದೆಂದು ಪೈಥಾನ್ ಹುಡುಕುವುದು ಕೋಡ್ ಓಡುವ ಗಳಿಗೆಯಲ್ಲಿ. ಜೀವೆಂಟ್ ಲೈಬ್ರರಿ ಮಂಕಿ ಪ್ಯಾಚ್ ಮಾಡಿದಾಗ ಆ ಹೆಸರಿನ ಜಾಗಕ್ಕೆ ತನ್ನ ಕ್ಲಾಸನ್ನು ಕೂರಿಸುತ್ತದೆ. ಅದೋ ಮೂಲ ಕ್ಲಾಸಿನದೇ ಮಗು. ಪ್ಯಾಚ್‌ಗೆ ಮುಂಚೆಯೇ ಇನ್ನೊಂದು ಲೈಬ್ರರಿ ಮೂಲ ಕ್ಲಾಸನ್ನು ಇಂಪೋರ್ಟ್ ಮಾಡಿಕೊಂಡಿದ್ದರೆ ಕಥೆ ಮುಗಿಯಿತು: ಮೂಲ ಕ್ಲಾಸ್ ಮಗುವಿನ ಪೇರೆಂಟ್ ಯಾರೆಂದು ಕೇಳುತ್ತದೆ, ಉತ್ತರವಾಗಿ ತಾನೇ ಸಿಗುತ್ತದೆ, ಮತ್ತೆ ಕೇಳುತ್ತದೆ. ಸುಮ್ಮನೆ ಬಿಟ್ಟರೆ 1000 ಕರೆಗಳ ಮಿತಿ ತಲುಪಿ ರಿಕರ್ಷನ್‌ಎರರ್. ಈ ಅಪಾಯಕ್ಕೆಂದೇ ಜೀವೆಂಟ್ ಒಂದು ವಾರ್ನಿಂಗ್ ಇಟ್ಟುಕೊಂಡಿದೆ. ಬರಿಯ ‘ಸೂಪರ್()’ಗೆ ಈ ರೋಗ ತಗಲುವುದಿಲ್ಲ, ಕ್ಲಾಸ್ ಹುಟ್ಟಿದಾಗಲೇ ಅದರ ಗುರುತು ಮೆಥಡ್‌ನೊಳಗೆ ಸೇರಿಕೊಂಡಿರುತ್ತದೆ.

ಹಾಗೆಂದು ಎಡಿಟರ್‌ನಲ್ಲಿ ಫೈಂಡ್-ರಿಪ್ಲೇಸ್ ಒತ್ತಿ ಕೈತೊಳೆದುಕೊಳ್ಳುವುದು ಇನ್ನೂ ಕೆಟ್ಟದ್ದು. ‘ಸಿಂಪಲ್‌ಎಕ್ಸ್‌ಎಂಎಲ್‌ಆರ್‌ಪಿಸಿಸರ್ವರ್’ಗೆ ಇಬ್ಬರು ಪೇರೆಂಟುಗಳು, ಟಿಸಿಪಿ ಸರ್ವರ್ ಮತ್ತು ಡಿಸ್ಪ್ಯಾಚರ್. ಇಬ್ಬರ ‘ಇನಿಟ್’ಗೂ ಬೇಕಾದ ಆರ್ಗ್ಯುಮೆಂಟುಗಳು ಬೇರೆ ಬೇರೆ. ಅದಕ್ಕೇ ಇಬ್ಬರನ್ನೂ ಹೆಸರು ಹಿಡಿದು ಪ್ರತ್ಯೇಕವಾಗಿ ಕರೆದಿದ್ದಾರೆ. ಅಲ್ಲಿ ಒಂದೇ ‘ಸೂಪರ್()’ ಇಟ್ಟರೆ ಸರದಿ ಟಿಸಿಪಿ ಸರ್ವರ್‌ನ ಬಳಿಯೇ ನಿಂತು, ಡಿಸ್ಪ್ಯಾಚರ್ ಸಿದ್ಧವಾಗದೇ ಉಳಿಯುತ್ತದೆ. ಎಸ್‌ಎಸ್‌ಎಲ್ ಸಾಕೆಟ್ ಹುಟ್ಟಿಸುವ ‘_ಕ್ರಿಯೇಟ್’ ಕೂಡ ಹೀಗೆಯೇ. ಅದು ಕ್ಲಾಸ್‌ಮೆಥಡ್; ಅದರ ಮೊದಲ ಆರ್ಗ್ಯುಮೆಂಟ್ ‘ಸೆಲ್ಫ್’ ಅಲ್ಲ, ಕ್ಲಾಸ್. ಬರಿಯ ‘ಸೂಪರ್()’ ಹಿಡಿಯುವುದು ಅದನ್ನೇ. ಆದರೆ ಬೇಕಾದದ್ದು ಒಳಗೆ ಆಗಷ್ಟೇ ಹುಟ್ಟಿಸಿದ ‘ಸೆಲ್ಫ್’. ಹಾಗಾಗಿ ಅಲ್ಲಿ ಹಳೆಯ ‘ಸೂಪರ್(ಎಸ್‌ಎಸ್‌ಎಲ್‌ಸಾಕೆಟ್, ಸೆಲ್ಫ್)’ ರೂಪವೇ ಸರಿ.

ರಫ್ ಎಂಬ ಲಿಂಟರ್‌ನ ಯುಪಿ008 ನಿಯಮ ಈ ವಿಷಯದಲ್ಲಿ ಜಾಣತನ ತೋರಿಸುತ್ತದೆ. ‘ಸೂಪರ್’ ಆವರಣದೊಳಗಿನ ಎರಡು ಹೆಸರುಗಳು ಕ್ಲಾಸಿನ ಹೆಸರಿಗೂ ಮೆಥಡ್‌ನ ಮೊದಲ ಆರ್ಗ್ಯುಮೆಂಟಿಗೂ ಹೊಂದಿಕೊಂಡರೆ ಮಾತ್ರ ಬದಲಾವಣೆ ಸೂಚಿಸುತ್ತದೆ, ‘_ಕ್ರಿಯೇಟ್’ನ ತಂಟೆಗೆ ಹೋಗುವುದಿಲ್ಲ. ಆದರೆ ಪೇರೆಂಟನ್ನು ನೇರ ಹೆಸರಿನಿಂದ ಕರೆದ ಸಾಲುಗಳನ್ನೂ, ಅನಂತ ಸುತ್ತಿಗೆ ಬೀಳುವ ಆ ‘ಆಪ್ಷನ್ಸ್’ ಸಾಲನ್ನೂ ಅದು ಹಾಗೆಯೇ ಬಿಡುತ್ತದೆ. ಹೆಚ್ಚು ಕಾಡುವ ಜಾಗಗಳನ್ನು ಮನುಷ್ಯರೇ ಓದಿ ನೋಡಬೇಕು.

ಎಚ್‌ಟಿಟಿಪಿಸರ್ವರ್‌ನ ಆ ಒಂದು ಸಾಲನ್ನಂತೂ ಉಳಿಸಿಕೊಳ್ಳಲು ಈಗ ಯಾವ ನೆಪವೂ ಇಲ್ಲ. ಒಬ್ಬನೇ ಪೇರೆಂಟ್, ಆರ್ಗ್ಯುಮೆಂಟ್ ಏನೂ ಇಲ್ಲ, ಬದಲಿಸಿದರೆ ಕೆಡುವಂಥದ್ದೂ ಇಲ್ಲ. ‘ಆಪ್ಷನ್ಸ್’ ಸಾಲಿಗೆ ಬರಿಯ ‘ಸೂಪರ್()’ ಸಾಲದು. ಅದರ ಮೂಲಕ ಓದಬಹುದೇ ಹೊರತು ಬೆಲೆ ಬರೆಯಲಾಗದು. ಅಲ್ಲಿ ಎರಡು ಸಲ ಬರೆದ ಹೆಸರಿನ ಬದಲು, ಮೆಥಡ್‌ನೊಳಗೆ ಸೇರಿಕೊಂಡಿರುವ ಆ ಗುರುತನ್ನೇ ಹಿಡಿದು ‘__ಕ್ಲಾಸ್__’ ಎಂದು ಎರಡು ಸಲ ಬರೆದರೆ ಸಾಕು. ಎಕ್ಸ್‌ಎಂಎಲ್‌ಆರ್‌ಪಿಸಿ ಸರ್ವರ್‌ನ ಎರಡು ಕರೆಗಳನ್ನು ಇದ್ದಂತೆಯೇ ಬಿಡಿ, ಆದರೆ ಏಕೆ ಬಿಟ್ಟಿದ್ದೇವೆಂದು ಪಕ್ಕದಲ್ಲೊಂದು ಕಾಮೆಂಟ್ ಬರೆಯಿರಿ.