ನಾನು, ನನಗೆ ಮತ್ತು ಇಂಗ್ಲಿಷಿನ ಸರ್ವನಾಮ

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ಒಂದು ಹಳ್ಳಿಶಾಲೆಯಲ್ಲಿ, ಏಳನೆಯ ತರಗತಿಯ ಬಾಲಕನೊಬ್ಬನ ಇಂಗ್ಲಿಷ್ ನೋಟ್‌ಬುಕ್ಕನ್ನು ತಿರುವಿ ನೋಡುವ ಸಂದರ್ಭ ನನಗೊಮ್ಮೆ ಒದಗಿತ್ತು. ಒಂದು ಪುಟದಲ್ಲಿ ಅಡಿಪಟ್ಟಿಯಿಟ್ಟು ಗೆರೆಯೆಳೆದ ಸರ್ವನಾಮಗಳ ಕೋಷ್ಟಕ. ಅದರ ಕೆಳಗೆ, ಕೊಟ್ಟ ಎರಡು ರೂಪಗಳಲ್ಲಿ ಸರಿಯಾದುದನ್ನು ಆರಿಸಿ ಬಿಟ್ಟ ಸ್ಥಳ ತುಂಬಿದ ಹತ್ತು ವಾಕ್ಯಗಳು. ಹತ್ತಕ್ಕೆ ಹತ್ತು ಅಂಕ. ಮರುಪುಟದಲ್ಲಿ ಅದೇ ಬಾಲಕ ತನ್ನ ಮನೆಯನ್ನು ಕುರಿತು ಸ್ವಂತವಾಗಿ ಬರೆದಿದ್ದ: ‘ಮೀ ವಾಂಟ್ ಸೈಕಲ್’, ‘ಮೈ ಗ್ರ್ಯಾಂಡ್‌ಫಾದರ್, ದೇ ಆರ್ ಇನ್ ಅಟ್ಟ’, ‘ಮೈ ಸಿಸ್ಟರ್, ಇಟ್ ಕೇಮ್ ಫ್ರಂ ತುರುವೇಕೆರೆ’. ಮೂರರ ಮೇಲೂ ಕೆಂಪು ಮಸಿಯ ಅಡ್ಡಗೆರೆ. ಏಕೆಂಬುದಕ್ಕೆ ಒಂದಕ್ಷರವೂ ಇಲ್ಲ.

ಗೆರೆಯೆಳೆದ ಕೈಯನ್ನು ನಾನು ದೂರುತ್ತಿಲ್ಲ; ಅದೂ ಹಾಗೆಯೇ ಕಲಿತು ಬಂದದ್ದು. ವಿಮರ್ಶೆಗೆ ಪಾತ್ರವಾಗಬೇಕಾದದ್ದು ಆ ಪದ್ಧತಿ. ಏಕೆಂದರೆ ಆ ಮೂರು ತಪ್ಪುಗಳೂ ಕನ್ನಡವನ್ನು ಚೆನ್ನಾಗಿ ಬಲ್ಲವನಿಂದ ಮಾತ್ರ ಆಗಬಹುದಾದವು. ‘ನನಗೆ ಸೈಕಲ್ಲು ಬೇಕು’ ಎಂಬಲ್ಲಿ ಬೇಕೆನ್ನುವವನು ಚತುರ್ಥೀ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಹಸಿವು, ನೆನಪು, ಜ್ವರ, ನಾಚಿಕೆ ಇವೆಲ್ಲ ಕನ್ನಡಿಗನಿಗೆ ತಾವಾಗಿ ಬಂದೊದಗುವಂಥವೇ ಹೊರತು ಅವನು ಮಾಡುವಂಥವಲ್ಲ. ಇಂಗ್ಲಿಷಾದರೋ ಅದೇ ಮನುಷ್ಯನನ್ನು ಕರ್ತೃಸ್ಥಾನಕ್ಕೇರಿಸಿ ‘ಐ’ ಎನ್ನಿಸುತ್ತದೆ. ಇನ್ನು ತಾತ: ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗಿನ ಕೊಬ್ಬರಿ ಚಿಪ್ಪನ್ನು ಬಿಟ್ಟು ಗಡಗಡನೆ ಉರುಳಿತೇ ಎಂದು ಆಲಿಸುವ ಆ ಹಿರಿಯರನ್ನು ‘ಹಿ’ ಎನ್ನಲು ಮನಸ್ಸು ಬಾರದೆ, ಮೊಮ್ಮಗ ‘ಅವರು’ ಎಂಬ ಗೌರವದ ಬಹುವಚನವನ್ನೇ ‘ದೇ’ ಎಂದು ಬರೆದ. ‘ಅಕ್ಕ ಬಂತು’ ಎಂಬುದು ನಮ್ಮ ಸೀಮೆಯ ಆಡುಮಾತಿನ ಸಲುಗೆಯ ನಪುಂಸಕ. ಅದರಲ್ಲಿ ಅನಾದರದ ಲವಲೇಶವೂ ಇಲ್ಲ. ಇಂಗ್ಲಿಷಿನ ‘ಇಟ್’ಗೆ ಆ ಅಕ್ಕರೆ ಗೊತ್ತಿಲ್ಲವೆಂದು ಹುಡುಗನಿಗೆ ಯಾರು ಹೇಳಬೇಕಾಗಿತ್ತು?

ಕೋಷ್ಟಕದ ಕಂಠಪಾಠ ನಿಷ್ಪ್ರಯೋಜಕವೆಂದಲ್ಲ. 1930ರ ದಶಕದಿಂದ ಭಾರತದ ವಿದ್ಯಾರ್ಥಿಗಳ ಕೈಯಲ್ಲಿರುವ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಶಿಸ್ತಿನ ಗ್ರಂಥ. ಆದರೆ ಓದುವವನ ಮನೆಮಾತು ಯಾವುದೆಂಬ ವಿಚಾರ ಅದರದಲ್ಲ. ಅಂಥ ಗ್ರಂಥಗಳ ಸಾರ ಹಿಂಡಿದ ಗೈಡುಗಳಂತೂ ‘ಎರಡು-ಮೂರು-ಒಂದು’ ಎಂಬ ಮಂತ್ರೋಪದೇಶವನ್ನೇ ಮಾಡುತ್ತವೆ: ಮೊದಲು ನೀನು, ಬಳಿಕ ಅವನು, ಕಡೆಗೆ ನಾನು, ತಪ್ಪೊಪ್ಪಿಕೊಳ್ಳುವಾಗ ಮಾತ್ರ ‘ಒಂದು-ಎರಡು-ಮೂರು’. ಇಲ್ಲಿ ಒಂದೆಂದರೆ ನಾನು. ಮುಂದಿನ ಪಿರಿಯಡ್ಡಿನ ಕನ್ನಡ ಪಾಠದಲ್ಲಿಯೋ ನಾನು ಉತ್ತಮಪುರುಷ, ಅವನೇ ಪ್ರಥಮಪುರುಷ! ಪ್ರಥಮವೆಂದರೆ ಒಂದೋ ಮೂರೋ ಎಂದು ತಲೆ ಕೆರೆದುಕೊಳ್ಳುವ ಹುಡುಗನಿಗೆ ನಡುವಿನ ಬೆಲ್ಲಿನ ಹೊರತು ಬೇರೆ ಸಮಾಧಾನವಿಲ್ಲ.

ನಿಯಮಗಳಾದರೂ ಆಕಾಶದಿಂದ ಇಳಿದುಬಂದವಲ್ಲ. ‘ಟು ಬಿ’ ಕ್ರಿಯಾಪದದ ಮುಂದೆ ಪ್ರಥಮಾ ವಿಭಕ್ತಿಯೇ ಬರತಕ್ಕದ್ದೆಂದು ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ವಿಧಿಸಿದ. ಆದರೂ ಬಾಗಿಲು ತಟ್ಟಿದ ಇಂಗ್ಲಿಷಿನವನು ಇಂದಿಗೂ ‘ಮೀ’ ಎಂದೇ ಓಗೊಡುತ್ತಾನೆ. ನಮ್ಮವರು ‘ಯಾರದು?’ ಎಂದರೆ ‘ನಾನು’ ಎನ್ನುವವರೇ ಆದುದರಿಂದ, ಲೌತನ ಕಟ್ಟಳೆ ಲಂಡನ್ನಿಗಿಂತ ಚಿಕ್ಕನಾಯಕನಹಳ್ಳಿಗೆ ಹೆಚ್ಚು ಒಗ್ಗುವಂತಿದೆ. ಮತ್ತೊಂದು ಕಡೆ ನಾವೇ ಶ್ರೀಮಂತರು. ‘ರಾಮ ತನ್ನ ತೋಟಕ್ಕೆ ಹೋದ’, ‘ರಾಮ ಅವನ ತೋಟಕ್ಕೆ ಹೋದ’ ಎಂಬ ಎರಡಕ್ಕೂ ಇಂಗ್ಲಿಷಿನಲ್ಲಿ ‘ಹಿಸ್’ ಒಂದೇ ಗತಿ. ಬದುವಿನ ವ್ಯಾಜ್ಯಗಳಿಗೆ ಬರವಿಲ್ಲದ ತೆಂಗಿನ ಸೀಮೆಯಲ್ಲಿ ಇದು ಅಲ್ಪವಾದ ಭೇದವಲ್ಲ. ಇಂಥ ಸೂಕ್ಷ್ಮವನ್ನು ಅರಿಯದೆಯೇ ಅರಿತಿರುವ ಮಗುವನ್ನು ಸರ್ವನಾಮದ ಗಂಧವಿಲ್ಲದವನೆಂದು ಭಾವಿಸಿ ಪಾಠವನ್ನಾರಂಭಿಸುವುದೇ ಈ ಪದ್ಧತಿಯ ಮೂಲದೋಷವೆಂದು ನನ್ನ ಅಭಿಪ್ರಾಯ.

ಈ ಸೀಮೆಗೆ ಬೇರೆಯ ಮೇಲ್ಪಂಕ್ತಿ ಇಲ್ಲದಿಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ಏಳಿಗೆಗೆ ದುಡಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು ಎರಡು ಭಾಷೆಗಳಲ್ಲಿಯೂ ವಿದ್ವಾಂಸರಾಗಿ, ವಿದ್ಯಾರ್ಥಿಗಳಿಗೆಂದು ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಬರೆದುಕೊಟ್ಟರು. ಆ ಪುಸ್ತಕವನ್ನು ಇಂಗ್ಲಿಷ್ ತರಗತಿಗೂ ಒಯ್ಯಬಹುದೆಂದು ನಮ್ಮ ಉಪಾಧ್ಯಾಯರಿಗೆ ಏಕೋ ತೋರಲಿಲ್ಲ.

ಉಪಾಧ್ಯಾಯ ಮಹಾಶಯರಲ್ಲಿ ನನ್ನದೊಂದು ಬಿನ್ನಹ: ಕೋಷ್ಟಕವನ್ನು ಬರೆಸಿರಿ, ಅದರ ಪಕ್ಕದಲ್ಲಿಯೇ ‘ನಾನು, ನನ್ನನ್ನು, ನನಗೆ, ನನ್ನ’ ಎಂಬ ಸಾಲನ್ನೂ ಬರೆಸಿರಿ, ‘ನನಗೆ’ ಎಂಬುದರ ಎದುರಿಗೆ ಮಾತ್ರ, ಅದೇ ಕೆಂಪು ಮಸಿಯಿಂದ, ಒಂದು ಚುಕ್ಕೆಯಿಟ್ಟು ‘ಬೇಕು’ ಎಂದು ಬರೆಯಿರಿ.